ಓಡುತ್ತಲೇ ಉಳಿಯುವ ಇಂಜಿನ್‌ಗಳು: ಸೆವರ್ನ್ ಕಣಿವೆಯ ಡೀಸೆಲ್ ಉತ್ಸವದಲ್ಲಿ ಒಂದು ದಿನ

(ಮೈಸೂರಿನಲ್ಲಿ ರೈಲು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಭಿಕರೆಲ್ಲರಿಗೂ ನಮಸ್ಕಾರ. ನಾನು ಡೀಸೆಲ್ ಲೋಕೊ ಶೆಡ್ಡೊಂದರಲ್ಲಿ 31 ವರ್ಷ ದುಡಿದವನು. ಫಿಟ್ಟರ್ ಆಗಿ ಸೇರಿ, ಇಂಜಿನ್ ವಿಭಾಗದ ಮೇಲ್ವಿಚಾರಕನಾಗಿ ನಿವೃತ್ತನಾದೆ. ನನ್ನ ಕೈಯಿಂದ ಹಾದುಹೋದ ಲೋಕೊಗಳಲ್ಲಿ ಹೆಚ್ಚಿನವು ಅಮೆರಿಕದ ಕಂಪನಿಯ ಹೆಸರಿನಿಂದ ನೀವೆಲ್ಲ ಆಲ್ಕೊ ಎಂದು ಕರೆಯುವ ಡಬ್ಲ್ಯು.ಡಿ.ಎಂ.-2 ಮತ್ತು ಅದರ ಮುಂದಿನ ಪೀಳಿಗೆಯವು. ಆ ಅನುಭವದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಅದಕ್ಕೆ ಬದಲಾಗಿ ನಾನು ಇಂಗ್ಲೆಂಡಿನಲ್ಲಿ ಕಳೆದ ಒಂದೇ ಒಂದು ದಿನದ ಬಗ್ಗೆ ಹೇಳುತ್ತೇನೆಂದು ಅನುಮತಿ ಪಡೆದೆ. ಇಷ್ಟು ವರ್ಷ ಮಾಡಿದ ಕೆಲಸ ಎಂಥದ್ದಾಗಿತ್ತು ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಆ ದಿನ.

ನನ್ನ ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಅವಳ ಮನೆಗೆ ಹೋಗಿದ್ದಾಗ ಅಳಿಯ, ‘ಮಾವ, ನೀವು ನೋಡಲೇಬೇಕಾದ ಒಂದು ಜಾಗವಿದೆ, ಆದರೆ ಬೆಳಿಗ್ಗೆ ಬೇಗ ಹೊರಡಬೇಕು’ ಎಂದ. ಅರಮನೆಯೋ ಚರ್ಚೋ ಇರಬೇಕೆಂದುಕೊಂಡು ಹೊರಟೆ. ನಾವು ಇಳಿದದ್ದು ಕಿಡರ್‌ಮಿನ್‌ಸ್ಟರ್ ಎಂಬ ಊರಿನಲ್ಲಿ. ರತ್ನಗಂಬಳಿ ನೇಯ್ಗೆಗೆ ಹೆಸರಾದ ಊರು ಅದು. ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲಿಯೇ ಕೆಂಪು ಇಟ್ಟಿಗೆಯ ಇನ್ನೊಂದು ನಿಲ್ದಾಣವಿದೆ. ನೋಡಿದರೆ ನೂರು ವರ್ಷದ ಹಿಂದಿನದೆಂದು ತೋರುತ್ತದೆ, ಆದರೆ ಕಟ್ಟಿದ್ದು 1984ರಲ್ಲಿ. ಅದರ ಆವರಣಕ್ಕೆ ಕಾಲಿಡುವ ಮೊದಲೇ ನನಗೆ ವಾಸನೆ ಬಂತು. ಬಿಸಿಯಾದ ಲ್ಯೂಬ್ ಆಯಿಲ್, ಹೊಗೆ, ಬ್ರೇಕ್ ಬ್ಲಾಕಿನ ಕಬ್ಬಿಣದ ಧೂಳು ಮೂರೂ ಬೆರೆತ ಆ ವಾಸನೆ ಶೆಡ್ಡಿನಲ್ಲಿ ದುಡಿದವರ ಬಟ್ಟೆಯಿಂದ ಎಷ್ಟು ಒಗೆದರೂ ಹೋಗುವುದಿಲ್ಲ.

ಸೆವರ್ನ್ ವ್ಯಾಲಿ ರೈಲ್ವೆ ಎಂಬ ಈ ರೈಲುಮಾರ್ಗದ ಕಥೆಯನ್ನು ಸ್ವಲ್ಪ ಹೇಳಬೇಕು. ಸೆವರ್ನ್ ನದಿಯ ದಂಡೆಗುಂಟ ಶ್ರೂಸ್‌ಬರಿಯಿಂದ ಹಾರ್ಟ್ಲ್‌ಬರಿಯವರೆಗಿನ ಮೂಲ ಮಾರ್ಗ ತೆರೆದದ್ದು 1862ರಲ್ಲಿ. ಆದಾಯ ಸಾಲದೆಂದು 1963ರಲ್ಲಿ ಅದರ ಬಹುಭಾಗದಲ್ಲಿ ಪ್ರಯಾಣಿಕರ ಗಾಡಿಗಳನ್ನು ನಿಲ್ಲಿಸಿದರು. ಎರಡು ವರ್ಷಗಳ ನಂತರ, 1965ರಲ್ಲಿ, ಮಾರ್ಗವನ್ನು ಉಳಿಸಲು ಆಸಕ್ತರು ಸೇರಿ ಸಂಘ ಕಟ್ಟಿದರು. 1970ರ ಮೇ ತಿಂಗಳಲ್ಲಿ ಬ್ರಿಡ್ಜ್‌ನಾರ್ತ್‌ನಿಂದ ಹ್ಯಾಂಪ್ಟನ್ ಲೋಡ್‌ವರೆಗೆ ಮೊದಲ ಗಾಡಿ ಓಡಿಸಿದರು. 1974ರಲ್ಲಿ ಬ್ಯೂಡ್ಲಿಗೆ ಬಂದರು. 1984ರಲ್ಲಿ ಕಿಡರ್‌ಮಿನ್‌ಸ್ಟರ್ ಮುಟ್ಟಿದರು. ಒಟ್ಟು 16 ಮೈಲಿ, ಅಂದರೆ ಸುಮಾರು 26 ಕಿಲೋಮೀಟರ್. ಸಂಬಳದ ನೌಕರರು ಇದ್ದಾರೆ, ಆದರೆ ಮಾರ್ಗ ನಡೆಯುವುದು ಸ್ವಯಂಸೇವಕರಿಂದ. ಚಾಲಕ, ಗಾರ್ಡ್, ಸಿಗ್ನಲ್‌ಮನ್, ಹಳಿ ನೋಡುವವರು, ಟೀ ಕೊಡುವವರು, ಇವರಲ್ಲಿ ಬಹಳ ಮಂದಿ ವಾರವೆಲ್ಲ ಬೇರೆಲ್ಲೋ ದುಡಿದು ರಜೆಯ ದಿನ ಇಲ್ಲಿಗೆ ಬರುವವರು.

ಇಲ್ಲಿ ಸಾಮಾನ್ಯವಾಗಿ ಗಾಡಿ ಎಳೆಯುವುದು ಉಗಿ ಇಂಜಿನ್. ಡೀಸೆಲ್ ಉತ್ಸವದ ದಿನಗಳಲ್ಲಿ ಮಾತ್ರ ಲೆಕ್ಕ ತಿರುಗಿಬೀಳುತ್ತದೆ. ಯಾವ ಗಾಡಿಗೆ ಯಾವ ಲೋಕೊ ಎಂಬುದನ್ನು ಮೊದಲೇ ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ಒಂದೇ ಟಿಕೆಟ್ಟಿನಲ್ಲಿ ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಿಳಿಯಬಹುದು. ಜನ ಊರು ನೋಡಲು ಹತ್ತುವುದಿಲ್ಲ, ಲೋಕೊಗಾಗಿ ಹತ್ತುತ್ತಾರೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರ ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕಿತ್ತು. ಯಾವ ನಂಬರಿನ ಲೋಕೊದ ಹಿಂದೆ ಎಷ್ಟು ಮೈಲಿ ಪ್ರಯಾಣ ಮಾಡಿದ್ದೇನೆಂಬ ಲೆಕ್ಕವನ್ನು ಅವರು ಹುಡುಗನಾಗಿದ್ದಾಗಿನಿಂದ ಬರೆದಿಟ್ಟುಕೊಂಡು ಬಂದಿದ್ದರು. ದೇವಸ್ಥಾನಕ್ಕೆ ಹೋದವರು ಪ್ರದಕ್ಷಿಣೆಗಳನ್ನು ಎಣಿಸುವಷ್ಟೇ ಶ್ರದ್ಧೆ ಅವರ ಆ ಲೆಕ್ಕದಲ್ಲಿತ್ತು.

ಡೀಸೆಲ್ ಲೋಕೊವನ್ನು ಪ್ರೀತಿಸುವುದು ಬ್ರಿಟನ್ನಿನಲ್ಲಿಯೂ ಒಂದು ಕಾಲಕ್ಕೆ ಸುಲಭವಾಗಿರಲಿಲ್ಲ. 1955ರ ಆಧುನೀಕರಣ ಯೋಜನೆಯ ನಂತರ ಅಲ್ಲಿನ ಸರ್ಕಾರಿ ರೈಲ್ವೆ ಬಹಳ ಅವಸರದಲ್ಲಿ ಹತ್ತಾರು ಮಾದರಿಯ ಡೀಸೆಲ್‌ಗಳನ್ನು ಕೊಂಡಿತು, 1968ರ ಆಗಸ್ಟ್‌ನಲ್ಲಿ ಮುಖ್ಯಮಾರ್ಗಗಳಿಂದ ಉಗಿಯನ್ನು ಪೂರ್ತಿಯಾಗಿ ಕೈಬಿಟ್ಟಿತು. ಹಳೆಯ ರೈಲುಮಾರ್ಗಗಳನ್ನು ಉಳಿಸಲು ಹೊರಟವರು ಉಗಿಯ ಮೋಹಿತರಾಗಿದ್ದುದರಿಂದ, ಅವರ ಕಣ್ಣಿಗೆ ಡೀಸೆಲ್ ಎಂದರೆ ಉಗಿಯನ್ನು ಓಡಿಸಿದ ವೈರಿ. ಆದರೆ ಆ ಮೊದಲ ಡೀಸೆಲ್‌ಗಳ ಹಿಂದೆ ಪ್ರಯಾಣ ಮಾಡಿ ಬೆಳೆದ ಹುಡುಗರಿದ್ದರಲ್ಲ, ಅವರಿಗೆ ಬಾಲ್ಯದ ಸದ್ದು ಅದೇ ಆಗಿತ್ತು. ಅವರು ದೊಡ್ಡವರಾಗುವ ಹೊತ್ತಿಗೆ ಆ ಲೋಕೊಗಳೂ ಗುಜರಿಗೆ ಹೋಗತೊಡಗಿದ್ದವು. ಸಂಬಳದಲ್ಲಿ ಉಳಿಸಿ, ಷೇರು ಹಂಚಿ, ಹಣ ಕೂಡಿಸಿ ಒಂದೊಂದನ್ನೇ ಕೊಂಡು ತಂದವರು ಅವರು.

ಅಂದು ಬೆಳಿಗ್ಗೆ ನಿಲ್ದಾಣದಲ್ಲಿ ಎರಡು ಲೋಕೊಗಳನ್ನು ಒಟ್ಟಿಗೆ ನೋಡಿದೆ. ಇವೆರಡರ ಸಂಬಂಧವನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಡೀ ದಿನದ ತಿರುಳು ಅದರಲ್ಲಿದೆ. ಒಂದು ‘ವೆಸ್ಟರ್ನ್ ಕೊರಿಯರ್’, ಅದರ ನಂಬರು ಡಿ1062. ಬ್ರಿಟನ್ನಿನ ಪಶ್ಚಿಮ ವಲಯದವರು ಉಳಿದ ವಲಯಗಳಂತೆ ಡೀಸೆಲ್-ಎಲೆಕ್ಟ್ರಿಕ್ ಹಾದಿ ಹಿಡಿಯದೆ, ಜರ್ಮನಿಯ ತಂತ್ರವನ್ನು ಅನುಸರಿಸಿ ಡೀಸೆಲ್-ಹೈಡ್ರಾಲಿಕ್ ಲೋಕೊಗಳನ್ನು ಮಾಡಿಸಿದರು. 1961ರಿಂದ 1964ರವರೆಗೆ ಸ್ವಿಂಡನ್ ಮತ್ತು ಕ್ರೂ ಕಾರ್ಖಾನೆಗಳಲ್ಲಿ ಇಂಥ 74 ‘ವೆಸ್ಟರ್ನ್’ಗಳು ತಯಾರಾದವು. ಒಂದೊಂದರಲ್ಲೂ ಎರಡು ಮೇಬ್ಯಾಕ್ ಇಂಜಿನ್, ತಲಾ 1350 ಅಶ್ವಶಕ್ತಿ. ನಮ್ಮ ಆಲ್ಕೊದಲ್ಲಿ ಇಂಜಿನ್ ಜನರೇಟರನ್ನು ತಿರುಗಿಸುತ್ತದೆ, ಅಲ್ಲಿಂದ ಬರುವ ವಿದ್ಯುತ್ತು ಅಚ್ಚಿನ ಮೇಲಿರುವ ಟ್ರ್ಯಾಕ್ಷನ್ ಮೋಟಾರುಗಳನ್ನು ತಿರುಗಿಸುತ್ತದೆ. ವೆಸ್ಟರ್ನ್‌ನಲ್ಲಿ ಜನರೇಟರಿನಿಂದ ಚಕ್ರ ತಿರುಗುವುದಿಲ್ಲ, ಟ್ರ್ಯಾಕ್ಷನ್ ಮೋಟಾರೂ ಇಲ್ಲ; ಇಂಜಿನ್ ಒಂದು ಚಕ್ರವನ್ನು ಎಣ್ಣೆಯೊಳಗೆ ರಭಸದಿಂದ ತಿರುಗಿಸುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಎದುರಿನ ಚಕ್ರ ತಿರುಗುತ್ತದೆ, ಅಲ್ಲಿಂದ ದಂಡ ಮತ್ತು ಗೇರುಗಳ ಮೂಲಕ ಬಲ ಗಾಲಿಗೆ ಮುಟ್ಟುತ್ತದೆ. ಇದರಿಂದ ತೂಕ ಉಳಿಯುತ್ತದೆ. ನಮ್ಮಲ್ಲಿಯೂ ಚಿತ್ತರಂಜನ್‌ನಲ್ಲಿ ತಯಾರಾದ ಡಬ್ಲ್ಯು.ಡಿ.ಎಸ್.-4 ಎಂಬ ಶಂಟಿಂಗ್ ಲೋಕೊಗಳು ಹೈಡ್ರಾಲಿಕ್ ಆಗಿದ್ದವು, ಆದರೆ ಅವು ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಸಣ್ಣವು.

ಇನ್ನೊಂದು ‘ಎಕ್ಸಿಟರ್’, 50044. ಇದು ‘ಕ್ಲಾಸ್ 50’ ಎಂಬ ಮಾದರಿಯದು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ 1967–68ರಲ್ಲಿ ಇಂಥ 50 ಲೋಕೊಗಳನ್ನು ವಲ್ಕನ್ ಫೌಂಡ್ರಿಯಲ್ಲಿ ಕಟ್ಟಿತು. ಈ ಹೆಸರು ನಮಗೆ ಪರಕೀಯವಲ್ಲ. 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಓಡಿದ, ನಾವೆಲ್ಲ ಶಾಲೆಯಲ್ಲಿ ಓದಿದ ಆ ಮೊದಲ ಪ್ರಯಾಣಿಕರ ಗಾಡಿಯನ್ನು ಎಳೆದ ಇಂಜಿನ್‌ಗಳೂ ವಲ್ಕನ್ ಫೌಂಡ್ರಿಯವೇ. ಕ್ಲಾಸ್ 50ರ ಬಲ 2700 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ 100 ಮೈಲಿ. ಮೊದಲು ಇವು ಪಶ್ಚಿಮ ಕರಾವಳಿ ಮಾರ್ಗದಲ್ಲಿ ಕ್ರೂದಿಂದ ಸ್ಕಾಟ್‌ಲೆಂಡಿನ ಕಡೆಗೆ ಗಾಡಿ ಎಳೆಯುತ್ತಿದ್ದವು. 1974ರಲ್ಲಿ ಆ ಮಾರ್ಗಕ್ಕೆ ವಿದ್ಯುತ್ ತಂತಿ ಬಂದಾಗ ಕೆಲಸವಿಲ್ಲದಾದ ಇವನ್ನು ಪಶ್ಚಿಮ ವಲಯಕ್ಕೆ ಕಳಿಸಿದರು. ಇವು ಬಂದದ್ದರಿಂದ ಅಲ್ಲಿದ್ದ ವೆಸ್ಟರ್ನ್‌ಗಳು ಬೇಡವಾದವು; 1977ರ ಫೆಬ್ರವರಿಯಲ್ಲಿ ಕೊನೆಯ ವೆಸ್ಟರ್ನ್‌ಗಳು ನಿಂತವು. ಒಂದೂವರೆ ದಶಕದ ನಂತರ ಕ್ಲಾಸ್ 50ಗಳ ಸರದಿಯೂ ಬಂತು. ಒಂದನ್ನು ಓಡಿಸಿ ಅದರ ಜಾಗಕ್ಕೆ ಬಂದ ಇನ್ನೊಂದು, ಈಗ ಅದರ ಪಕ್ಕದ ಹಳಿಯ ಮೇಲೆಯೇ ನಿಂತಿದೆ. ಎರಡಕ್ಕೂ ಎಣ್ಣೆ ಹಾಕುವವರು ಒಂದೇ ಶೆಡ್ಡಿನಲ್ಲಿ ಟೀ ಕುಡಿಯುತ್ತಾರೆ. ಇದನ್ನು ಕೇಳಿದಾಗ ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಎಕ್ಸಿಟರ್ ಎಳೆಯುವ ಗಾಡಿಯಲ್ಲಿ, ಲೋಕೊಗೆ ಹೊಂದಿಕೊಂಡ ಮೊದಲ ಬೋಗಿಯಲ್ಲಿ ಕುಳಿತೆ. ಪರಂಪರೆಯ ಮಾರ್ಗವಾದ್ದರಿಂದ ವೇಗದ ಮಿತಿ ಗಂಟೆಗೆ 25 ಮೈಲಿ, ನಮ್ಮ ಲೆಕ್ಕದಲ್ಲಿ 40 ಕಿಲೋಮೀಟರ್. ನೂರು ಮೈಲಿ ಓಡಬಲ್ಲ ಲೋಕೊಗೆ ಇದು ನಡಿಗೆ. ಹಾಗಿದ್ದೂ ಜನ ಇಷ್ಟೊಂದು ಕಾತರದಿಂದ ಕಾಯುವುದು ನಿಲ್ದಾಣ ಬಿಡುವ ಕ್ಷಣಕ್ಕಾಗಿ ಮತ್ತು ಏರು ಹತ್ತುವ ಹೊತ್ತಿಗಾಗಿ, ಏಕೆಂದರೆ ಆಗ ಮಾತ್ರ ಇಂಜಿನ್ ತನ್ನ ಪೂರ್ಣ ಧ್ವನಿಯಲ್ಲಿ ಕೇಳಿಸುತ್ತದೆ. ಆ ಧ್ವನಿಗೆ ಅವರು ‘ಥ್ರ್ಯಾಶ್’ ಎನ್ನುತ್ತಾರೆ, ಆಗ ಏಳುವ ಕರಿಹೊಗೆಗೆ ‘ಕ್ಲ್ಯಾಗ್’ ಎನ್ನುತ್ತಾರೆ. ಆ ಹೊಗೆ ಏಕೆ ಬರುತ್ತದೆಂದು ಇಲ್ಲಿರುವ ಕಿರಿಯರು ತಿಳಿದಿರಬೇಕು. ಚಾಲಕ ಶಕ್ತಿ ಹೆಚ್ಚಿಸಿದ ಕೂಡಲೇ ಸಿಲಿಂಡರಿಗೆ ಹೋಗುವ ಡೀಸೆಲ್ ಹೆಚ್ಚುತ್ತದೆ. ಆದರೆ ಅದಕ್ಕೆ ತಕ್ಕಷ್ಟು ಗಾಳಿ ತುಂಬುವ ಟರ್ಬೊ ತಿರುಗುವುದು ಇಂಜಿನ್ ಹೊರಬಿಡುವ ಬಿಸಿಗಾಳಿಯಿಂದ, ಆ ಬಿಸಿಗಾಳಿ ಹೆಚ್ಚಲು ಕೆಲವು ಗಳಿಗೆ ಬೇಕು. ಆ ಕೆಲವು ಗಳಿಗೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಅರೆಬೆಂದದ್ದು ಕರಿಹೊಗೆಯಾಗಿ ಹೊರಬೀಳುತ್ತದೆ. ಟರ್ಬೊ ವೇಗ ಹಿಡಿದಂತೆ ಹೊಗೆ ತಿಳಿಯಾಗುತ್ತದೆ, ಸದ್ದು ಗಟ್ಟಿಯಾಗುತ್ತದೆ. ನಮ್ಮ ಆಲ್ಕೊಗಳು ನಾಚ್, ಅಂದರೆ ಶಕ್ತಿಯ ಮೆಟ್ಟಿಲು, ಏರಿಸುವಾಗ ಆಕಾಶಕ್ಕೆ ಬರೆಯುತ್ತಿದ್ದ ಕಪ್ಪು ಕಂಬವೂ ಇದೇ.

ಕಣ್ಣು ಮುಚ್ಚಿ ಕೇಳಿದೆ. ಎಕ್ಸಿಟರ್‌ನದು 16 ಸಿಲಿಂಡರಿನ ವಿ ಆಕಾರದ ಇಂಜಿನ್. ಸಿಲಿಂಡರಿನ ವ್ಯಾಸ 10 ಅಂಗುಲ, ಪಿಸ್ಟನ್ನಿನ ಚಲನೆ 12 ಅಂಗುಲ, ನಿಮಿಷಕ್ಕೆ 850 ಸುತ್ತು. ನಮ್ಮ ಡಬ್ಲ್ಯು.ಡಿ.ಎಂ.-2ರದೂ 16 ಸಿಲಿಂಡರೇ. 9 ಅಂಗುಲ, ಹತ್ತೂವರೆ ಅಂಗುಲ, 1000 ಸುತ್ತು, 2600 ಅಶ್ವಶಕ್ತಿ. ಅಳತೆಯಲ್ಲಿ ಇವು ದಾಯಾದಿಗಳೆನ್ನಬಹುದು, ಆದರೆ ಧ್ವನಿ ಬೇರೆ. ಆಲ್ಕೊದ ಧ್ವನಿ ಬಿಡಿಬಿಡಿಯಾಗಿ ಎದೆಗೆ ಬಡಿಯುತ್ತದೆ. ಇದು ಒಂದೇ ಉಸಿರಿನಲ್ಲಿ ಹರಿಯುವ ಗರ್ಜನೆ. ಮಧ್ಯಾಹ್ನ ವೆಸ್ಟರ್ನ್ ಕೊರಿಯರ್‌ನ ಹಿಂದೆ ಕುಳಿತಾಗ ಇನ್ನೊಂದೇ ಅನುಭವವಾಯಿತು. ನಿಮಿಷಕ್ಕೆ 1500 ಸುತ್ತು ತಿರುಗುವ ಅದರ ಜೋಡಿ ಇಂಜಿನ್‌ಗಳು ಜೋಡಿ ನಾಗಸ್ವರದಂತೆ ಕೆಲವೊಮ್ಮೆ ಒಂದೇ ಸ್ವರ ಹಿಡಿಯುತ್ತವೆ, ಕೆಲವೊಮ್ಮೆ ಕೂದಲೆಳೆಯಷ್ಟು ತಪ್ಪಿ, ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ.

ಕ್ಲಾಸ್ 50ರ ಬಗ್ಗೆ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇವಕ್ಕೆ ‘ಹೂವರ್’ ಎಂದು ಅಡ್ಡಹೆಸರು. ಮನೆ ಗುಡಿಸುವ ಆ ಯಂತ್ರದ ಹೆಸರೇ. ಒಳಹೋಗುವ ಗಾಳಿಯಿಂದ ಧೂಳು ಬೇರ್ಪಡಿಸಲು ಇಟ್ಟಿದ್ದ ಫ್ಯಾನುಗಳ ಸದ್ದು ಹಾಗಿತ್ತು. 1979ರಿಂದ 1983ರವರೆಗೆ ಡಾನ್‌ಕಾಸ್ಟರ್ ಕಾರ್ಖಾನೆಯಲ್ಲಿ ಎಲ್ಲ ಲೋಕೊಗಳನ್ನೂ ಬಿಚ್ಚಿ ಸರಿಪಡಿಸಿದಾಗ ಆ ಫ್ಯಾನುಗಳನ್ನು ತೆಗೆದರು, ಆ ಸದ್ದು ಹೋಯಿತು. ಹೆಸರು ಮಾತ್ರ ಉಳಿಯಿತು. ಲೋಹವನ್ನು ಎಷ್ಟು ಜೋಪಾನ ಮಾಡಿದರೂ ಒಂದು ಸದ್ದು ಹೀಗೆ ಯಾರಿಗೂ ತಿಳಿಯದಂತೆ ಜಾರಿಹೋಗಬಹುದು.

ಬ್ಯೂಡ್ಲಿ ದಾಟಿದ ಮೇಲೆ ಮಾರ್ಗ ಕಾಡಿನ ಅಂಚು ಹಿಡಿಯುತ್ತದೆ, ಆರ್ಲಿಗೆ ಮೊದಲು ವಿಕ್ಟೋರಿಯಾ ಸೇತುವೆಯಲ್ಲಿ ನದಿ ದಾಟುತ್ತದೆ. ಬೀಡುಕಬ್ಬಿಣದ ಒಂದೇ ಕಮಾನು, 200 ಅಡಿ. ಜಾನ್ ಫೌಲರ್ ವಿನ್ಯಾಸ ಮಾಡಿದ್ದು, ಕೋಲ್‌ಬ್ರುಕ್‌ಡೇಲ್ ಕಂಪನಿ ಎರಕ ಹೊಯ್ದದ್ದು, 1861ರದು. ಮಾರ್ಗ ಒಂಟಿಹಳಿಯದಾದ್ದರಿಂದ ನಿಲ್ದಾಣಗಳಲ್ಲಿ ಸಿಗ್ನಲ್‌ಮನ್ ಚಾಲಕನಿಗೆ ಮುಂದಿನ ಹಳಿಗೆ ಹೋಗಲು ಅನುಮತಿಯ ಗುರುತಾದ ಟೋಕನ್ ಕೊಡುತ್ತಾನೆ. ನಮ್ಮಲ್ಲಿ ನೀಲ್ಸ್ ಯಂತ್ರದಿಂದ ಹೊರಬರುತ್ತಿದ್ದ ಲೋಹದ ಚೆಂಡನ್ನು ಚೀಲಕ್ಕೆ ಹಾಕಿ, ದೊಡ್ಡ ಬಳೆಗೆ ಕಟ್ಟಿ ಎತ್ತಿಹಿಡಿಯುತ್ತಿದ್ದರು. ಅಲ್ಲಿ ಚೆಂಡಿನ ಜಾಗದಲ್ಲಿ ಕೀಲಿಕೈಯಂಥ ಕೋಲು. ಬಳೆ ಅದೇ, ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುವ ರೀತಿಯೂ ಅದೇ. ಜೊತೆಗಿದ್ದ ಮೊಮ್ಮಗ ‘ತಾತ, ಅದೇನು?’ ಎಂದ. ಅವನಿಗೆ ವಿವರಿಸಿ ಹೇಳುತ್ತಿದ್ದಾಗ ಸುತ್ತ ಕುಳಿತಿದ್ದವರೂ ಮಾತು ನಿಲ್ಲಿಸಿ, ತಿಳಿಯದ ಭಾಷೆಯನ್ನು ನನ್ನ ಕೈಸನ್ನೆಗಳಿಂದಲೇ ಹಿಂಬಾಲಿಸುತ್ತಿದ್ದರು.

ಆದರೆ ನನ್ನ ಮನಸ್ಸು ನಿಂತದ್ದು ಕಿಡರ್‌ಮಿನ್‌ಸ್ಟರಿನ ಡೀಸೆಲ್ ಶೆಡ್ಡಿನಲ್ಲಿ. 2016ರಲ್ಲಿ ತೆರೆದ ಹೊಸ ಕಟ್ಟಡ ಅದು. ಹಳಿಯ ನಡುವೆ ಇಳಿದು ಕೆಲಸ ಮಾಡುವ ಪಿಟ್, ಭಾರ ಎತ್ತುವ ಸಲಕರಣೆ, ಎಲ್ಲವೂ ಇವೆ. ಅಲ್ಲೊಂದು ಮೇಜಿನ ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ನಿಂತು ಬಂದವರಿಗೆಲ್ಲ ಟ್ರ್ಯಾಕ್ಷನ್ ಮೋಟಾರಿನ ತಿರುಗುವ ಭಾಗಕ್ಕೆ ಒತ್ತಿಕೊಂಡು ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳನ್ನು ತೋರಿಸುತ್ತಿದ್ದಳು. ಒಂದು ಹೊಸದು, ಅಂಚುಗಳು ಚೂಪಾಗಿದ್ದವು. ಇನ್ನೊಂದು ಸವೆದದ್ದು, ಅರ್ಧಕ್ಕೂ ಕಡಿಮೆ ಉಳಿದಿತ್ತು. ಸವೆದದ್ದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಮೈ ಕನ್ನಡಿಯಂತೆ ನುಣುಪಾಗಿತ್ತು, ಗೀರಿರಲಿಲ್ಲ, ಒಂದು ಬದಿಗೆ ವಾಲಿ ಸವೆದಿರಲಿಲ್ಲ. ‘ಈ ಮೋಟಾರಿನ ಕಮ್ಯುಟೇಟರು ಚೆನ್ನಾಗಿದೆ’ ಎಂದೆ. ಬ್ರಷ್‌ಗಳು ಒತ್ತಿಕೊಂಡು ಜಾರುವ, ಮೋಟಾರಿನ ತಿರುಗುವ ತಾಮ್ರದ ಭಾಗವೇ ಕಮ್ಯುಟೇಟರು. ಅವಳು ನನ್ನ ಕೈಬೆರಳುಗಳನ್ನು ನೋಡಿ, ನೀವು ಈ ಕೆಲಸ ಮಾಡಿದವರೇ ಎಂದು ಕೇಳಿದಳು. ಹೌದೆಂದಾಗ ಮೇಜನ್ನು ಇನ್ನೊಬ್ಬರಿಗೆ ಒಪ್ಪಿಸಿ, ಪಿಟ್‌ನ ಬಳಿ ಕರೆದೊಯ್ದಳು. ಕಮ್ಯುಟೇಟರಿನ ಬಣ್ಣ ಹೇಗಿರಬೇಕು ಎಂಬ ಮಾತು ಬಂತು. ನನ್ನ ಹಿರಿಯ ಫಿಟ್ಟರು ನನಗೆ ಹೇಳಿಕೊಟ್ಟದ್ದನ್ನೇ ಹೇಳಿದೆ: ಹದವಾಗಿ ಹುರಿದ ಕಾಫಿ ಬೀಜದ ಬಣ್ಣವಿರಬೇಕು, ಸೀದ ಬೀಜದ ಬಣ್ಣ ಬಂದರೆ ಕಿಡಿ ಹಾರುತ್ತಿದೆ ಎಂದರ್ಥ. ಅವಳು ಅದನ್ನು ಹಾಗೆಯೇ ಬರೆದುಕೊಂಡಳು.

ಅವಳು ಕಾಲೇಜಿನಲ್ಲಿ ಓದುತ್ತಿರುವುದು ಬೇರೆ ವಿಷಯವಂತೆ. ಕ್ಲಾಸ್ 50ಗಳು ಮುಖ್ಯಮಾರ್ಗದಿಂದ ನಿವೃತ್ತವಾದಾಗ ಅವಳಿನ್ನೂ ಹುಟ್ಟಿರಲಿಲ್ಲ. ಹಾಗಾದರೆ ಇದು ಬಾಲ್ಯದ ನೆನಪಿನ ಮೋಹವಲ್ಲ. ಅಲ್ಲಿ ಕೆಲಸವೊಂದು ಕೈಯಿಂದ ಕೈಗೆ ದಾಟುತ್ತಿದೆ. ಲೋಕೊ ಓಡುವುದರಿಂದ ಬ್ರಷ್ ಸವೆಯುತ್ತದೆ, ಸವೆಯುವುದರಿಂದ ಬದಲಿಸಬೇಕಾಗುತ್ತದೆ, ಬದಲಿಸಬೇಕಾದುದರಿಂದ ಒಬ್ಬರು ಇನ್ನೊಬ್ಬರಿಗೆ ಕಲಿಸಬೇಕಾಗುತ್ತದೆ. ನಿಲ್ಲಿಸಿ ಬಣ್ಣ ಬಳಿದ ಲೋಕೊದಲ್ಲಿ ಬ್ರಷ್ ಸವೆಯುವುದಿಲ್ಲ, ಕಲಿಯಲು ಯಾರೂ ಬರುವುದಿಲ್ಲ.

ನಮ್ಮ ಸಂಗ್ರಹಾಲಯಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಈ ಊರಿನಲ್ಲಿಯೇ 1979ರಿಂದ ರೈಲು ಸಂಗ್ರಹಾಲಯವಿದೆ. ಹುಬ್ಬಳ್ಳಿಯಲ್ಲಿಯೂ 2020ರಲ್ಲಿ ತೆರೆದರು. ನಿಲ್ಲಿಸಿಡುವುದೂ ಉಳಿಸುವ ಒಂದು ದಾರಿಯೇ. ಉಗಿಯ ವಿಷಯದಲ್ಲಿ ನೀಲಗಿರಿ, ಡಾರ್ಜಿಲಿಂಗ್ ಮಾರ್ಗಗಳು ಓಡುತ್ತಲೇ ಇವೆ. ನನ್ನ ಚಿಂತೆ ಆಲ್ಕೊದ್ದು. 1962ರಲ್ಲಿ ಅಮೆರಿಕದಿಂದ ಮೊದಲು ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾಗತೊಡಗಿದ ಡಬ್ಲ್ಯು.ಡಿ.ಎಂ.-2 ಮಾದರಿಯೊಂದರಲ್ಲೇ ಎರಡೂವರೆ ಸಾವಿರಕ್ಕೂ ಹೆಚ್ಚು ಲೋಕೊಗಳಿದ್ದವು. ನಮ್ಮ ತಲೆಮಾರಿನ ಅರ್ಧ ದೇಶ ಮದುವೆಗೆ, ನೌಕರಿಗೆ, ಸಾವಿಗೆ ಹೋದದ್ದು ಅವುಗಳ ಹಿಂದೆ. ಮಾರ್ಗಗಳೆಲ್ಲ ವಿದ್ಯುದೀಕರಣವಾದ ಮೇಲೆ ಅವು ಒಂದೊಂದಾಗಿ ಹರಾಜಿಗೆ ಹೋದವು. ವಿದ್ಯುತ್ ಬಂದದ್ದು ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನಾನು ಮೂರು ಸಲ ಪೂರ್ತಿ ಬಿಚ್ಚಿ ಕಟ್ಟಿದ ಒಂದು ಲೋಕೊವನ್ನು ಗ್ಯಾಸ್ ಕಟರಿನಿಂದ ಕತ್ತರಿಸುವುದನ್ನು ನೋಡಿದ್ದೇನೆ. ಅದರ ಸದ್ದನ್ನು ಒಂದು ನಿಮಿಷವಾದರೂ ರೆಕಾರ್ಡ್ ಮಾಡಿಕೊಂಡಿರಬಹುದಿತ್ತು. ದಿನವೂ ಕೇಳುತ್ತಿದ್ದುದರಿಂದ ಅದೊಂದು ದಿನ ಇಲ್ಲವಾಗುತ್ತದೆಂದು ಹೊಳೆಯಲೇ ಇಲ್ಲ. ಆಲ್ಕೊಗಳಲ್ಲಿ ಕೆಲವನ್ನಾದರೂ ಓಡುವ ಸ್ಥಿತಿಯಲ್ಲಿ, ಕಲಿಯುವವರ ಕೈಗೆ ಸಿಗುವಂತೆ ಇಡಬೇಕೆಂಬುದು ನನ್ನ ಬೇಡಿಕೆ. ಅವುಗಳನ್ನು ಬಿಚ್ಚಿ ಕಟ್ಟಬಲ್ಲವರು ಇನ್ನೂ ಬದುಕಿದ್ದೇವೆ.

ಸಂಜೆ ಕೊನೆಯ ಗಾಡಿ ಬಂದು ನಿಂತಿತು. ಎಕ್ಸಿಟರ್ ಬೋಗಿಗಳಿಂದ ಬಿಡಿಸಿಕೊಂಡು ಶೆಡ್ಡಿನ ಮುಂದೆ ಬಂತು. ಕೆಲವು ನಿಮಿಷ ಇಂಜಿನನ್ನು ಹಾಗೇ ತಣ್ಣಗೆ ತಿರುಗಲು ಬಿಟ್ಟು, ಆಮೇಲೆ ಚಾಲಕ ನಿಲ್ಲಿಸಿದ. ಗರ್ಜನೆ ತಟಕ್ಕನೆ ಕಡಿದುಹೋಯಿತು, ಆದರೆ ಸಣ್ಣದೊಂದು ಸಿಳ್ಳು ಉಳಿಯಿತು. ನನಗರಿವಿಲ್ಲದೆಯೇ ನಾನು ಕೈಗಡಿಯಾರ ನೋಡಿಕೊಂಡಿದ್ದೆ. ಆ ಹುಡುಗಿ ಅದನ್ನು ಗಮನಿಸಿ, ಏನು ನೋಡುತ್ತಿದ್ದೀರಿ ಎಂದು ಕೇಳಿದಳು. ನಮ್ಮ ಆಲ್ಕೊ ಶೆಡ್ಡುಗಳಲ್ಲಿ ಇಂಜಿನ್ ನಿಲ್ಲಿಸಿದ ಮೇಲೆ ಟರ್ಬೊ ಎಷ್ಟು ಸೆಕೆಂಡು ತಾನಾಗಿ ತಿರುಗಿ ನಿಲ್ಲುತ್ತದೆಂದು ಎಣಿಸುತ್ತಿದ್ದೆವು. 90ರಿಂದ 180 ಸೆಕೆಂಡು ಇರಬೇಕು, ಬೇಗ ನಿಂತರೆ ಬೇರಿಂಗ್ ಹಿಡಿಯುತ್ತಿದೆ ಎಂದು ಸಂಶಯಪಡಬೇಕು ಎಂದು ಹೇಳಿದೆ. ಇಲ್ಲಿನ ಟರ್ಬೊ ಬೇರೆ, ಅದರ ಅಂಕಿ ಬೇರೆ ಇರುತ್ತದೆ ಎಂದೂ ಹೇಳಿದೆ. ಅವಳು ತಲೆಯಾಡಿಸಿ, ಬೆರಳನ್ನು ತುಟಿಯ ಮೇಲಿಟ್ಟು ಮೊಮ್ಮಗನಿಗೆ ಸುಮ್ಮನಿರಲು ಸನ್ನೆ ಮಾಡಿದಳು. ಸಿಳ್ಳು ತೆಳುವಾಗುತ್ತಾ ಹೋಗಿ ಕೊನೆಗೆ ನಿಂತಿತು. ನಾನು ಎಣಿಸಿದ್ದ ಸಂಖ್ಯೆ ಹೇಳಿದೆ. ಅವಳು ಲೋಕೊದ ನಂಬರಿನ ಮುಂದೆ ಅದನ್ನು ಬರೆದು, ಪಕ್ಕದ ಹಳಿಯಲ್ಲಿ ಇನ್ನೂ ಗುಡುಗುಡಿಸುತ್ತಿದ್ದ ವೆಸ್ಟರ್ನ್ ಕೊರಿಯರ್‌ನತ್ತ ಕೈ ತೋರಿಸಿದಳು. ಅದನ್ನು ನಿಲ್ಲಿಸುವವರೆಗೂ ನಾವು ಮೂವರೂ ಅಲ್ಲೇ ಕಾದೆವು.